ಉಳುಕು ಎಂದುಕೊಂಡ ಕಾಲು

ಹನ್ನೊಂದು ವರ್ಷದಿಂದ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಮಂಡಿ ಸವೆದವರೇ ನನ್ನ ಬಳಿ ಹೆಚ್ಚು. ಆದರೂ ಒಬ್ಬ ಅಜ್ಜಿಯ ವಿಷಯದಲ್ಲಿ ಮೂರು ವಾರ ಎಡವಿದೆ.

ವಯಸ್ಸು 70ರ ಆಸುಪಾಸು. ಬಲ ಮಂಡಿ ಸವೆದು ಒಳಕ್ಕೆ ವಾಲಿತ್ತು. ಆ ಸಲ ನೋವು ಮಂಡಿಯದಲ್ಲ, ಪಾದದ ಕೀಲಿನ ಹೊರಬದಿಯದು. ಕೊಂಚ ಊತವೂ ಇತ್ತು. “ಎಡವಿಲ್ಲ, ಬಿದ್ದಿಲ್ಲಪ್ಪಾ, ತಾನಾಗಿಯೇ ಶುರುವಾಯಿತು” ಎಂದರು. ಕೇಳಿಸಿಕೊಂಡೆ, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಉಳುಕು ಎಂದು ಬರೆದು, ಹಿಮ್ಮಡಿ ಎತ್ತಿ ನಿಲ್ಲುವ ವ್ಯಾಯಾಮ ಕೊಟ್ಟೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಜೀವ. ದಿನಕ್ಕೆ ಮೂರು ಹೊತ್ತು ಮಾಡಿದರು.

ಮೂರನೆಯ ವಾರ ಗೋಡೆ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲೆ ಕಣ್ಣು ಬಿತ್ತು. ಬಲಗಾಲಿನದರ ಒಳ ಅಂಚು ಹಪ್ಪಳದಷ್ಟು ತೆಳ್ಳಗೆ ಸವೆದಿತ್ತು, ಹೊರ ಅಂಚು ಅಂಗಡಿಯಿಂದ ತಂದ ಹಾಗೆಯೇ ಇತ್ತು. ನೆಲದ ಮೇಲೆ ಕುಳಿತು ಒಂದೇ ಬೆರಳಿನಿಂದ ಒತ್ತುತ್ತ ಹೋದೆ. ಉಳುಕಾದರೆ ಪಾದದ ಕೀಲಿನ ಹೊರಗಂಟಿನ ಮುಂದೆ, ಕೆಳಗೆ ನೋಯಬೇಕು. ಅಲ್ಲಿ ಒತ್ತಿದರೆ ಸುಮ್ಮನಿದ್ದರು. ಗಂಟಿನಿಂದ ಮೂರು ಬೆರಳು ಮೇಲೆ, ಮೊಣಕಾಲ ಕೆಳಗಿನ ಎರಡು ಮೂಳೆಗಳಲ್ಲಿ ಹೊರಬದಿಯ ತೆಳ್ಳನೆಯದಾದ ಫಿಬ್ಯುಲಾವನ್ನೇ ಒತ್ತಿದಾಗ ಕಾಲು ಕಿತ್ತುಕೊಂಡರು.

ಮತ್ತೆ ತೆಗೆಸಿದ ಎಕ್ಸ್-ರೇಯಲ್ಲಿ ಕೂದಲೆಳೆಯಂಥ ಬಿರುಕು, ಸುತ್ತ ಹೊಸ ಮೂಳೆಯ ಬಿಳಿ ಮಬ್ಬು. ಇಂಥ ಬಿರುಕು ಮೊದಲ ಎರಡು-ಮೂರು ವಾರ ಎಕ್ಸ್-ರೇಗೆ ಸಿಗದೆ ಹೋಗಬಹುದು. ಎಂಆರ್‌ಐಗೆ ಬೇಗ ಸಿಗುತ್ತದೆ. ಮಂಡಿ ಒಳಕ್ಕೆ ವಾಲಿದಾಗ ಪಾದ ಒಳಕ್ಕೆ ಕುಸಿದು ಚಪ್ಪಲಿಯ ಒಳ ಅಂಚು ಸವೆಯುತ್ತದೆ, ಆದರೆ ಮೇಲೆ ಭಾರ ಕಾಲಿನ ಹೊರಬದಿಗೆ ಸರಿಯುತ್ತದೆ, ಹೆಜ್ಜೆಹೆಜ್ಜೆಗೂ ಫಿಬ್ಯುಲಾದ ಕೆಳತುದಿ ನಲುಗುತ್ತದೆ. ಬಿಲ್ಲಿನಂತೆ ಹೊರಕ್ಕೆ ಬಾಗಿದ ಮಂಡಿಯವರಲ್ಲಿ ಪೆಟ್ಟು ಹೆಚ್ಚಾಗಿ ಒಳಬದಿಯ ದಪ್ಪ ಮೂಳೆ ಟಿಬಿಯಾಕ್ಕೆ. ಮೂಳೆ ಗಟ್ಟಿಯಿದ್ದರೆ ತಡೆದುಕೊಂಡೀತು. ಇವರ ಕೈಚೀಲದಲ್ಲಿ, ಎಲೆ-ಅಡಿಕೆಯ ಪಕ್ಕದಲ್ಲಿ, ಔಷಧಿ ಅಂಗಡಿಯವರು ಮಂಡಿನೋವಿಗೆಂದು ಕೊಟ್ಟ, ಮೂಳೆಯನ್ನು ದುರ್ಬಲಗೊಳಿಸುವ ಸ್ಟೀರಾಯ್ಡ್ ಮಾತ್ರೆಗಳಿದ್ದವು. ಎರಡು ವರ್ಷದಿಂದ ನುಂಗುತ್ತಿದ್ದರಂತೆ. ನಾನು ಕೇಳಿಯೇ ಇರಲಿಲ್ಲ.

ಮೂಳೆ ಡಾಕ್ಟರ ಬಳಿ ಕಳುಹಿಸಿದೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿತ್ತು, ಅಂದರೆ ಮೂಳೆ ಟೊಳ್ಳಾಗಿತ್ತು. ಥಟ್ಟನೆ ಬಿಟ್ಟರೆ ಅಪಾಯವೆಂದು ಆ ಮಾತ್ರೆಯನ್ನು ಹಂತಹಂತವಾಗಿ ಇಳಿಸಿದರು. ಆರು ವಾರ ಕಾಲಿಗೆ ಕೀಲು ಅಲುಗದಂತೆ ಹಿಡಿಯುವ ಬೂಟು, ಕೈಗೆ ವಾಕರ್. ನನ್ನ ವ್ಯಾಯಾಮದ ಚೀಟಿಯನ್ನು ನಾನೇ ಹರಿದು ಹಾಕಿದೆ.

ಈಗ ಮಂಡಿ ಸವೆದವರು ಪಾದ ನೋವೆಂದರೆ ಮೊದಲು ಬಾಗಿಲಿಗೆ ಹೋಗಿ ಅವರ ಚಪ್ಪಲಿ ತಿರುಗಿಸಿ ನೋಡುತ್ತೇನೆ. ಮೊನ್ನೆ ಒಬ್ಬ ಹಿರಿಯರು ಗಾಬರಿಯಿಂದ ಎದ್ದು ನಿಂತರು: “ಸ್ವಾಮೀ, ಅದು ನನ್ನದು!”