ಜುಲೈ 17, 2025, ಗುರುವಾರ: ಕಿವಿಯಿಲ್ಲದ ಗವಾಯಿ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಧಾರವಾಡದ ಜಿಟಿಜಿಟಿ ಮಳೆ ಸುರಿದು ಮುಗಿಸಿ ಹೋಗುವಂಥದ್ದಲ್ಲ, ಬಾಕಿ ವಸೂಲಿಗೆ ಬಂದವನಂತೆ ಬಾಗಿಲಲ್ಲೇ ಕೂತಿರುತ್ತದೆ. ಅಂಗಡಿಯಲ್ಲಿದ್ದ ಎರಡು ಸ್ಪೀಕರುಗಳು ತೇವ ಹಿಡಿದು ಗುರ್ ಎನ್ನುತ್ತಿದ್ದವು. ಬಿಚ್ಚಿ, ಬಲ್ಬಿನ ಕೆಳಗೆ ಒಣಗಲಿಟ್ಟು, ಸಂಜೆ ಕಾಕಾನ ಮನೆಗೆ ಹೋದೆ. ಸೋಮವಾರ ಬಂದ ಫೋನಿನ ವಿಷಯವನ್ನು ಇವತ್ತಾದರೂ ಹೇಳಲೇಬೇಕಿತ್ತು.

ವಿಷಯ ಇಷ್ಟು. ಬೆಂಗಳೂರಿನಲ್ಲಿ ಕಾರ್ಯಕ್ರಮ ನಡೆಸಿಕೊಡುವ ಒಂದು ಕಂಪನಿಗೆ ಗವಾಯಿಗಳನ್ನು ಮತ್ತೆ ವೇದಿಕೆಯ ಮೇಲೆ ತರಬೇಕಾಗಿದೆ. ಅವರು ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಮೊಮ್ಮಗ ಒಪ್ಪಿ ಸಹಿ ಹಾಕಿದ್ದಾನೆ. ದನಿಗೆ 1984ರ ಗಣೇಶೋತ್ಸವದ ಟೇಪು ಇದೆ. ಅದು ನನ್ನ ಕಪಾಟಿನಲ್ಲಿದೆ, ಕಂಪ್ಯೂಟರಿಗೆ ಇಳಿಸಿದವನೂ ನಾನೇ. ದೇಹಕ್ಕೆ ಯಾರೋ ಒಬ್ಬ ನಟ, ಅವನ ಕತ್ತಿನ ಮೇಲೆ ಗವಾಯಿಗಳ ಮುಖ. ಆ ರಾತ್ರಿ ಅವರೊಂದಿಗೆ ಕೂತವರಲ್ಲಿ ಹಾರ್ಮೋನಿಯಂನವರು ಇಲ್ಲ. ತಂಬೂರಿ ಹಿಡಿದ ಇಬ್ಬರಲ್ಲಿ ಒಬ್ಬರಿಲ್ಲ, ಇನ್ನೊಬ್ಬರಿಗೆ ಮಕ್ಕಳ ಗುರುತೂ ಹತ್ತುವುದಿಲ್ಲ. ಉಳಿದಿರುವುದು ತಬಲಾ, ಅಂದರೆ ಕಾಕಾ. "ಅವರೇ ಬಾರಿಸಿದರೆ ಜನ ಅತ್ತೇ ಬಿಡುತ್ತಾರೆ ಸರ್" ಎಂದ ಫೋನಿನ ಹುಡುಗ. ಅಳು ಎಷ್ಟು ಬೇಕು, ಎಲ್ಲಿ ಬೇಕು ಎಂದು ಅವನ ಪಟ್ಟಿಯಲ್ಲಿ ಆಗಲೇ ಬರೆದಿರಬೇಕು.

ಕಾಕೂ ಗಿರ್ಮಿಟ್ ಮಾಡಿದ್ದರು. ಕಾಕಾ ಪಡಸಾಲೆಯಲ್ಲಿ ಬಲಗೈ ಹೆಬ್ಬೆರಳಿಗೆ ಎಣ್ಣೆ ತಿಕ್ಕುತ್ತ ಕೂತಿದ್ದರು. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅವರು ಎಲ್ಲಿ ಕೂರುತ್ತಾರೆ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಜನ ಹೊಲೊಗ್ರಾಮ್ ಎನ್ನುತ್ತಾರಷ್ಟೇ, ನಿಜಕ್ಕೂ ಅದು ಹೊಲೊಗ್ರಾಮ್ ಅಲ್ಲ, ಹಳೆಯ ಗಾಜಿನಾಟ. 1862ರ ಕ್ರಿಸ್‌ಮಸ್‌ನ ಹಿಂದಿನ ದಿನ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬವನು ಇದನ್ನು ತೋರಿಸಿ ಜನರನ್ನು ದಂಗುಬಡಿಸಿದ್ದ. ಮೂಲ ಉಪಾಯ ಹೆನ್ರಿ ಡರ್ಕ್ಸ್ ಎಂಬ ಎಂಜಿನಿಯರನದು, ಹೆಸರು ಮಾತ್ರ ಪೆಪ್ಪರನಿಗೆ ಉಳಿಯಿತು. ವೇದಿಕೆಯ ಮುಂದೆ ಗಾಜನ್ನು ಓರೆಯಾಗಿ ನಿಲ್ಲಿಸಿ, ಕೆಳಗೆ ಮರೆಯಲ್ಲಿ ನಿಂತವನ ಮೇಲೆ ಬೆಳಕು ಬಿಟ್ಟರೆ ಅವನ ಪ್ರತಿಬಿಂಬ ವೇದಿಕೆಯ ನಡುವೆ ನಿಂತಂತೆ ಕಾಣುತ್ತದೆ. ಈಗ ಗಾಜಿನ ಬದಲು ತೆಳ್ಳನೆಯ ಪಾರದರ್ಶಕ ಹಾಳೆ, ಮನುಷ್ಯನ ಬದಲು ಪ್ರೊಜೆಕ್ಟರ್. ಉಳಿದದ್ದೆಲ್ಲ ಅದೇ.

ಕಾಕಾನಿಗೆ ಇದನ್ನು ಹೇಳುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಕಿಟಕಿಯ ಗಾಜಿನಲ್ಲಿ ನಮ್ಮ ಪಡಸಾಲೆಯ ಬಲ್ಬು ಹಿತ್ತಲಿನ ಪೇರಲ ಗಿಡದ ಕೊಂಬೆಯಲ್ಲಿ ಉರಿಯುತ್ತಿತ್ತು. ತೋರಿಸಿದೆ. "ಇಷ್ಟೇ ಕಾಕಾ. ಗವಾಯಿಗಳು ಆ ಬಲ್ಬಿನ ಹಾಗೆ." ಅವರು ಎದ್ದು ಹೋಗಿ ಕಿಟಕಿಯ ಬಳಿ ಬಹಳ ಹೊತ್ತು ನಿಂತರು.

"ನಾನು ಎಲ್ಲಿ ಕೂರುತ್ತೇನೆ?"

"ಗಾಜಿನ ಆಚೆ. ಅವರ ಪಕ್ಕದಲ್ಲಿ."

"ಅಂದರೆ ಪೇರಲ ಗಿಡದ ಬುಡದಲ್ಲಿ." ಸ್ವಲ್ಪ ತಡೆದು, "ಅಲ್ಲಿ ಕೂತವನಿಗೆ ಗಿಡದಲ್ಲಿ ಬಲ್ಬು ಕಾಣುತ್ತದೇನು?" ಎಂದರು.

ಕಾಣುವುದಿಲ್ಲ. ಹಾಳೆಗೆ ಬಡಿದ ಬೆಳಕು ಮರಳುವುದು ಸಭಿಕರ ಕಡೆಗೆ. ಹಿಂದೆ ಕೂತ ಪಕ್ಕವಾದ್ಯದವನಿಗೆ ಅಲ್ಲಿ ಇರುವುದು ಬರಿಯ ಜಾಗ. ಎಲ್ಲಿ ನೋಡಬೇಕೆಂದು ನೆಲಕ್ಕೆ ಗುರುತು ಅಂಟಿಸಿರುತ್ತಾರೆ, ಅತ್ತ ತಿರುಗಿ ತಲೆದೂಗಬೇಕು. ಇಪ್ಪತ್ತು ವರ್ಷದಿಂದ ಮೈಕು ಕಟ್ಟುತ್ತಿರುವ ನನಗೆ ಇದು ಹೊಳೆದಿರಲಿಲ್ಲ. ಎಪ್ಪತ್ಮೂರರ ಮುದುಕರಿಗೆ ಒಂದು ನಿಮಿಷಕ್ಕೆ ಹೊಳೆಯಿತು.

ಮೊಬೈಲ್ ತೆಗೆದು ಒಂದೊಂದೇ ತೋರಿಸಿದೆ. 2012ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಕೊಚೆಲ್ಲಾ ಸಂಗೀತ ಉತ್ಸವದಲ್ಲಿ ಗಾಯಕ ಟೂಪಾಕ್ ಶಕೂರ್ ಎದ್ದು ಬಂದದ್ದು. ಅವನು ಗುಂಡೇಟಿಗೆ ಸತ್ತದ್ದು 1996ರಲ್ಲಿ, ಆ ಉತ್ಸವ ಹುಟ್ಟಿದ್ದು 1999ರಲ್ಲಿ. ಆದರೂ ಆ ಬೆಳಕಿನ ಬೊಂಬೆ, ಉತ್ಸವದ ಹೆಸರು ಹಿಡಿದು ಜನರನ್ನು ಕೂಗಿ ಮಾತನಾಡಿಸುತ್ತದೆ! ಸತ್ತವನ ಬಾಯಿಗೆ ತುರುಕಿದ ಆ ಒಂದು ಮಾತು ನನಗೆ ಹಾಡಿಗಿಂತ ಹೆಚ್ಚು ಕಾಡುತ್ತದೆ. ಆಮೇಲೆ 2018ರ ರಾಯ್ ಆರ್ಬಿಸನ್. 1988ರಲ್ಲಿ ಹೋದವನು ಜೀವಂತ ವಾದ್ಯವೃಂದದ ಮುಂದೆ ಗಿಟಾರ್ ಹಿಡಿದು ಊರೂರು ಸುತ್ತಿದ. ಬದುಕಿದ್ದಾಗಲೂ ಅಲುಗಾಡದೆ ನಿಂತು ಹಾಡುತ್ತಿದ್ದವನು ಅವನು, ಹಾಗಾಗಿ ಬೊಂಬೆ ಮಾಡುವವರಿಗೆ ಅರ್ಧ ಕೆಲಸ ಉಳಿದಿರಬೇಕು. ಪಂಜಾಬಿನ ದಿವಂಗತ ಗಾಯಕ ಸಿಧು ಮೂಸೆವಾಲಾನ ಹೆಸರಿನಲ್ಲಿ 2026ಕ್ಕೆ ಇಂಥದ್ದೇ ವಿಶ್ವಪ್ರವಾಸವೆಂದು ಇದೇ ವಾರ ಸುದ್ದಿ ಬಂದಿದೆ. ಪ್ರಿನ್ಸ್‌ನ ಕಥೆ ಬೇರೆ. ಸತ್ತವರ ಜೊತೆ ಕೂಡಿ ನುಡಿಸುವುದು ಪೈಶಾಚಿಕ ಎಂದು 1998ರಲ್ಲೇ ಸಂದರ್ಶನವೊಂದರಲ್ಲಿ ಹೇಳಿದ್ದ ಗಾಯಕ. ಅವನ ಊರು ಮಿನಿಯಾಪೊಲಿಸ್‌ನಲ್ಲೇ 2018ರ ಫುಟ್‌ಬಾಲ್ ಫೈನಲ್‌ನ ನಡುವೆ ದೊಡ್ಡ ಬಟ್ಟೆಯ ಮೇಲೆ ಅವನನ್ನು ಮೂಡಿಸಿ ಇನ್ನೊಬ್ಬ ಗಾಯಕ ಜೊತೆಗೆ ಹಾಡಿದ.

ಇವಾವುದೂ ಕಾಕಾನಿಗೆ ತಾಗಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ್ದು ಒಂದನ್ನೇ, ಈಜಿಪ್ಟಿನ ಉಮ್ ಕುಲ್ಸುಮ್. 1975ರಲ್ಲಿ ತೀರಿಹೋದ ಆಕೆಯನ್ನು 2019ರ ಜನವರಿಯಲ್ಲಿ ಸೌದಿ ಅರೇಬಿಯದ ಅಲ್-ಉಲಾದಲ್ಲಿ ಬೆಳಕಿನಲ್ಲಿ ನಿಲ್ಲಿಸಿದರು. ಬದುಕಿದ್ದಾಗ ತಿಂಗಳ ಮೊದಲ ಗುರುವಾರದ ರಾತ್ರಿ ಆಕೆಯ ಕಛೇರಿ ರೇಡಿಯೋದಲ್ಲಿ ಬರುತ್ತಿತ್ತು, ಇಡೀ ಅರಬ್ ಜಗತ್ತು ಕೆಲಸ ಬಿಟ್ಟು ಕೇಳುತ್ತಿತ್ತು. ಒಂದೇ ಹಾಡು ಗಂಟೆ ದಾಟುತ್ತಿತ್ತು. ಏಕೆಂದರೆ ಜನ ಕೂಗಿ ಅದೇ ಸಾಲನ್ನು ಮತ್ತೆ ಕೇಳುವರು. ಆಕೆ ಅದೇ ಸಾಲಿಗೆ ಮರಳುವಳು, ಆದರೆ ಅದೇ ರೀತಿ ಎಂದೂ ಅಲ್ಲ. ಮೊದಲು ಹಳೆಯ ಕಪ್ಪುಬಿಳುಪು ಕಛೇರಿ ತೋರಿಸಿದೆ. ಕಾಕಾನಿಗೆ ಅರಬ್ಬಿ ಒಂದಕ್ಷರ ಬಾರದು, ಆದರೆ ಮೂರನೆಯ ಸಲ ಸಾಲು ತಿರುಗಿದಾಗ ಅವರ ಬೆರಳು ತಾನಾಗಿ ತೊಡೆಯ ಮೇಲೆ ಬಿತ್ತು. ಆಮೇಲೆ ಬೆಳಕಿನ ಬೊಂಬೆ ಹಾಡುವ ವಿಡಿಯೊ. ಬೆರಳು ಅಲುಗಲಿಲ್ಲ.

"ಈಕೆಗೆ ಜನ ಮತ್ತೊಮ್ಮೆ ಎಂದರೆ?"

ನಾನು ಸುಮ್ಮನಿದ್ದೆ.

"ದನಿ ತಂದಿದ್ದಾರೆ, ಕಿವಿ ತರಲಿಲ್ಲವಲ್ಲೋ ತಮ್ಮಾ."

ನನಗೆ ಸಿಟ್ಟು ಬಂತು, ಯಾರ ಮೇಲೋ ತಿಳಿಯದು. ದಿನಾ ಬೆಳಿಗ್ಗೆ ಆಕಾಶವಾಣಿಯಲ್ಲಿ ಹೋದವರು ಹಾಡುತ್ತಾರೆ, ಅದನ್ನು ಕೇಳುತ್ತಲೇ ನೀವು ಚಹಾ ಕುಡಿಯುವುದಿಲ್ಲವೇ ಎಂದೆ. ಗಾಯಕಿ ಗೌಹರ್ ಜಾನ್ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡವಳು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದಾಗ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿದ್ದಳು, ಆ ಹೆಸರು ಇವತ್ತಿಗೂ ಕೇಳುತ್ತದೆ. ಅದು ಭೂತವಲ್ಲದಿದ್ದರೆ ಇದೇಕೆ ಭೂತ? ವಾದ ಚೆನ್ನಾಗಿತ್ತು, ನನಗೇ ಮೆಚ್ಚುಗೆಯಾಯಿತು.

ಕಾಕಾ ಹೆಬ್ಬೆರಳು ಒರೆಸಿಕೊಂಡರು. "ರೇಡಿಯೋ ನನ್ನನ್ನು ಬಾರಿಸಲು ಕರೆಯುವುದಿಲ್ಲ."

ಆಮೇಲೆ ನಾನು ಹೇಳಬಾರದ್ದನ್ನು ಹೇಳಿಬಿಟ್ಟೆ. ಟೇಪಿನಿಂದ ದನಿಯನ್ನಷ್ಟೇ ಬಿಡಿಸುವುದು ಹೇಗೆಂದು ಅವರೇ ಕೇಳಿದರು. ಅದು ಒಂದೇ ಮೈಕಿನ ಮುದ್ರಣ. ಗವಾಯಿಗಳ ದನಿಯೊಳಗೆ ತಬಲಾ, ತಬಲಾದೊಳಗೆ ತಂಬೂರಿ, ಎಲ್ಲದರೊಳಗೆ ಜನರೇಟರ್. ಈಗಿನ ಸಾಫ್ಟ್‌ವೇರ್ ಅದನ್ನು ಪದರ ಪದರವಾಗಿ ಬಿಡಿಸುತ್ತದೆ ಎಂದೆ. ತಬಲಾ ತೆಗೆದುಹಾಕಿ ಬರಿಯ ದನಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ನೀವು ಈಗ ಹೊಸದಾಗಿ...

"ನನ್ನನ್ನು ಅಳಿಸಿ, ಆ ಜಾಗದಲ್ಲಿ ನನ್ನನ್ನೇ ಕೂರಿಸುತ್ತಾರೆ."

ಕಾಕೂ ಒಳಗಿನಿಂದ, "ದುಡ್ಡು ಎಷ್ಟಂತೆ?" ಎಂದರು. ಹೇಳಿದೆ. ಒಳಗೆ ಪಾತ್ರೆಯ ಸದ್ದು ನಿಂತಿತು. ಪಡಸಾಲೆಯ ಮೂಲೆಯಲ್ಲಿ ಬಕೆಟ್ ಇಟ್ಟಿದ್ದರು, ಮಂಗಳೂರು ಹೆಂಚು ಎರಡು ಒಡೆದಿವೆ. ಹನಿ ಬೀಳುತ್ತಿತ್ತು. ಆ ದುಡ್ಡಿನಲ್ಲಿ ಇಡೀ ಮಾಡು ಹೊಸದಾಗಿ ಹೊದಿಸಬಹುದು. ಮೂವರೂ ಅದನ್ನೇ ಲೆಕ್ಕ ಹಾಕುತ್ತಿದ್ದೆವು, ಯಾರೂ ಮಾತಾಡಲಿಲ್ಲ.

ಟೇಪು ಹಾಕು ಎಂದರು. ಮೊಬೈಲಿನಲ್ಲೇ ಇತ್ತು. ಯಮನ್ ರಾಗ, ಛೋಟಾ ಖ್ಯಾಲ್, ಹದಿನಾರು ಮಾತ್ರೆಯ ತೀನ್ ತಾಲ್. ಒಂದು ಕಡೆ ಗವಾಯಿಗಳು ಕೈ ತೋರಿಸಿ ಬಾರಿಸಲು ಬಿಟ್ಟಿದ್ದಾರೆ, ತಬಲಾ ಏರುತ್ತದೆ, ತಿಹಾಯಿ ಬರುತ್ತದೆ, ಅಂದರೆ ಒಂದೇ ತುಂಡು ಮೂರು ಸಲ ಬಂದು ತಾಳದ ಮೊದಲ ಮಾತ್ರೆಯಾದ ಸಮಕ್ಕೆ ಮುಟ್ಟಬೇಕು. ಅಲ್ಲಿಂದ ಮುಖಡಾ, ಅಂದರೆ ಹಾಡಿನ ಮೊದಲ ತುಂಡು, ಹಿಡಿಯಬೇಕಾದವರು ಹಿಡಿಯುವುದಿಲ್ಲ. ನಿಷಾದದ ಮೇಲೆ ನಿಲ್ಲುತ್ತಾರೆ. ಮೇಲಿನ ಷಡ್ಜಕ್ಕೆ ಒಂದು ಮೆಟ್ಟಿಲು ಬಾಕಿ. ಇಡೀ ಹದಿನಾರು ಮಾತ್ರೆ ಹಾಗೆಯೇ ನಿಂತು, ಆಮೇಲೆ ಸಮಕ್ಕೆ ಇಬ್ಬರೂ ಒಟ್ಟಿಗೆ ಬೀಳುತ್ತಾರೆ. ಜನ ಹೋ ಎನ್ನುತ್ತಾರೆ. ನಲವತ್ತು ವರ್ಷದಿಂದ ಊರಿನವರು ಹೊಗಳಿದ ನಿಷಾದ ಅದು. ನಾನೂ ಎಷ್ಟೋ ಜನರಿಗೆ ಕೇಳಿಸಿದ್ದೇನೆ.

"ಅದು ನನ್ನ ತಪ್ಪು" ಎಂದರು ಕಾಕಾ.

ಮತ್ತೆ ಕೇಳಿಸಲು ಹೇಳಿದರು. ಬೆರಳಿನಲ್ಲಿ ಎಣಿಸುತ್ತ ತೋರಿಸಿದರು: ತಿಹಾಯಿ ಒಂದು ಮಾತ್ರೆ ಹೆಚ್ಚಾಗಿ ಸಮ ದಾಟಿದೆ. ಮೂವತ್ತೆರಡರ ಹುಮ್ಮಸ್ಸು, ಎದುರಿಗೆ ಊರೇ ಕೂತಿದೆ, ಉದ್ದದ್ದು ಹಾಕಲು ಹೋಗಿ ಲೆಕ್ಕ ತಪ್ಪಿದೆ. ಅದು ಗವಾಯಿಗಳಿಗೆ ಗೊತ್ತಾಯಿತು. ಮುಖಡಾ ಹಿಡಿದಿದ್ದರೆ ತಪ್ಪಿದ್ದು ಎಲ್ಲರಿಗೂ ಕಾಣುತ್ತಿತ್ತು. ಹಿಡಿಯದೆ ನಿಷಾದದ ಮೇಲೆ ನಿಂತು ಕಾದರು, ಒಂದು ಆವರ್ತನ ಪೂರ್ತಿ, ಹುಡುಗ ದಾರಿಗೆ ಬರಲಿ ಎಂದು. ಕಾರ್ಯಕ್ರಮ ಮುಗಿದ ಮೇಲೆ ಒಂದು ಮಾತೂ ಎತ್ತಲಿಲ್ಲವಂತೆ, ಎಲೆ ಅಡಿಕೆಯ ಡಬ್ಬಿ ಮುಂದೆ ಸರಿಸಿದರಂತೆ, ಅಷ್ಟೇ.

"ಈಗ ನಾನು ಸರಿಯಾಗಿ ಬಾರಿಸಿ ಸಮಕ್ಕೆ ಬಂದರೂ ಅವರು ಕಾಯುತ್ತಲೇ ನಿಂತಿರುತ್ತಾರೆ. ಯಾರಿಗಾಗಿ?"

ನನ್ನ ತಲೆ ಆಗಲೇ ಕೆಟ್ಟ ದಾರಿ ಹಿಡಿದಿತ್ತು. ಆ ಲಯ ಒಂದೇ ಸಮನೆ ಇಲ್ಲ, ಏರುತ್ತ ಹೋಗುತ್ತದೆ. ಲಯ ಹಿಡಿಯಲು ಕಾಕಾನ ಕಿವಿಯಲ್ಲಿ ಕೇಳಿಸುವ ಟಿಕ್ ಟಿಕ್ಕನ್ನು ನಾನು ಮಾತ್ರೆ ಮಾತ್ರೆಗೆ ಕೈಯಿಂದಲೇ ಕೂರಿಸಬೇಕು. ಹಳೆಯ ಟೇಪಿನ ವೇಗ ಸ್ವಲ್ಪ ಹೆಚ್ಚಾಗಿದೆ, ಶ್ರುತಿ ಹಾರ್ಮೋನಿಯಂನ ಎರಡನೆಯ ಕರಿ ಮನೆಗೂ ಕೂರುವುದಿಲ್ಲ, ತಬಲಾವನ್ನು ಅಷ್ಟೇ ಏರಿಸಬೇಕು. ಮತ್ತು ಆ ನಿಷಾದಕ್ಕೆ ಅರ್ಥ ಬರಬೇಕಾದರೆ ಅಲ್ಲಿ ತಿಹಾಯಿ ತಪ್ಪಲೇಬೇಕು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಾಕಾನ ಮುಖ ನೋಡಿದರೆ ಹೇಳುವ ಅಗತ್ಯವೂ ಇರಲಿಲ್ಲ.

ಊಟ ಮಾಡಿಕೊಂಡು ಹೋಗು ಎಂದರು ಕಾಕೂ. ರೊಟ್ಟಿ, ಹೆಸರುಕಾಳಿನ ಪಲ್ಯ. ಹೆಂಚಿನ ವಿಷಯ, ತಂಗಿಯ ಮಗಳ ಪರೀಕ್ಷೆಯ ವಿಷಯ ಮಾತಾಡಿದೆವು. ಹೊರಡುವಾಗ ಬಾಗಿಲಲ್ಲಿ ಕಾಕಾ, "ತಾಲೀಮಿಗೆ ಬೇರೆ ದುಡ್ಡು ಕೊಡುತ್ತಾರೇನು ಕೇಳು" ಎಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಈಗ ರಾತ್ರಿ ಹನ್ನೊಂದೂವರೆ. ಕಂಪನಿಯ ಹುಡುಗನಿಂದ ಮೂರು ಸಂದೇಶ, ನಾಳೆ ಮಧ್ಯಾಹ್ನದೊಳಗೆ ಹೇಳಬೇಕಂತೆ. ನೋಡೋಣವೆಂದು ಟೇಪನ್ನು ಸಾಫ್ಟ್‌ವೇರಿಗೆ ಹಾಕಿ ತಬಲಾದ ಪದರವನ್ನು ಇಳಿಸುತ್ತ ಹೋದೆ. ಪೂರ್ತಿ ಹೋಗುವುದಿಲ್ಲ, ಎಡಗೈಯ ಡಗ್ಗಾದ ಗುಮುಕಿ ದನಿಯ ತಳದಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ನಿಷಾದ ಬಂತು. ಸುತ್ತ ಏನೂ ಇಲ್ಲ. ಹದಿನಾರು ಎಣಿಸುತ್ತಿದ್ದೆ, ಒಂಬತ್ತಕ್ಕೆ ಬಂದಾಗ ಫೋನು. ಕಾಕಾ. ಇಷ್ಟು ಹೊತ್ತಿನಲ್ಲಿ ಅವರು ಎಂದೂ ಮಾಡುವವರಲ್ಲ. ಹಲೋ ಎನ್ನುವುದಕ್ಕೂ ಬಿಡದೆ ಬಾಯಲ್ಲೇ ಬೋಲು ಹೇಳತೊಡಗಿದರು, ತಿಹಾಯಿ ಎಲ್ಲಿ ತಪ್ಪಿತೆಂದು ಈಗ ಸರಿಯಾಗಿ ನೆನಪಾಯಿತಂತೆ, ಮಧ್ಯದ ತುಂಡಿನಲ್ಲಲ್ಲ, ಮೊದಲನೆಯದರಲ್ಲೇ, ಧಾ ಆದ ಮೇಲೆ ಒಂದು