ಉದ್ದು ನೆನೆಹಾಕುವ ಮೊದಲೇ ಆಗಬೇಕಾದ ತೀರ್ಮಾನ

ಕಾಲೇಜು ಗ್ರಂಥಪಾಲಕರ ನಮ್ಮ ಸಣ್ಣ ಸಂಘವು ಪ್ರತಿವರ್ಷ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಎರಡು ದಿನಗಳ ಕಾರ್ಯಾಗಾರ ನಡೆಸುತ್ತದೆ. ಮಳೆಗಾಲದ ನಟ್ಟನಡುವೆ ಏಕೆ ಎಂದು ಘಟ್ಟದ ಮೇಲಿನವರು ಕೇಳುವುದುಂಟು. ಪರೀಕ್ಷೆ, ಪ್ರವೇಶಾತಿ, ಪುಸ್ತಕಗಳ ವಾರ್ಷಿಕ ಎಣಿಕೆ ಇವೆಲ್ಲದರ ನಡುವೆ ನಮ್ಮವರಿಗೆ ಒಟ್ಟಿಗೆ ಬಿಡುವು ಸಿಗುವುದು ಆ ಒಂದು ವಾರದಲ್ಲಿ ಮಾತ್ರ. ಕಾರ್ಯದರ್ಶಿಯಾಗಿ ನಾನು ವಹಿಸಿಕೊಂಡ ಮೊದಲ ಕಾರ್ಯಾಗಾರದ ಹಿಂದಿನ ರಾತ್ರಿ ಶಿರಾಡಿ ಘಾಟಿಯಲ್ಲಿ ಧರೆ ಜರಿದು ರಸ್ತೆಗೆ ಬಿತ್ತು. ಆ ರಾತ್ರಿ ನಾನು ಮಾಡಿದ ತಪ್ಪನ್ನೂ ಅದರಿಂದ ಈಚೆಗೆ ನಾವು ಬದಲಿಸಿಕೊಂಡ ಕ್ರಮವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ತಪ್ಪು ಇಷ್ಟೇ: ನಮ್ಮಲ್ಲಿ ಬದಲಿ ಸಭಾಂಗಣವಿತ್ತು, ಜನರೇಟರ್ ಇತ್ತು, ಹೆಚ್ಚುವರಿ ಕೊಡೆಗಳೂ ಇದ್ದವು, ಆದರೆ ಕಾರ್ಯಕ್ರಮ ನಡೆಸುವುದೋ ಮುಂದೂಡುವುದೋ ಎಂಬುದನ್ನು ಯಾರು, ಎಷ್ಟು ಗಂಟೆಯೊಳಗೆ ತೀರ್ಮಾನಿಸಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ಶುಕ್ರವಾರ ಮಧ್ಯಾಹ್ನವೇ ಕರಾವಳಿಗೆ ರೆಡ್ ಅಲರ್ಟ್ ಬಂದಿತ್ತು. ಸಮಿತಿಯ ಏಳು ಜನ ಫೋನಿನಲ್ಲಿ ಮಾತಾಡುತ್ತಲೇ ಇದ್ದೆವು. ‘ಇನ್ನೊಂದು ಗಂಟೆ ನೋಡೋಣ’ ಎಂದು ಪ್ರತಿಯೊಬ್ಬರೂ ಸದುದ್ದೇಶದಿಂದಲೇ ಹೇಳಿದರು. ಜಿಲ್ಲಾಧಿಕಾರಿಗಳ ರಜೆ ಆದೇಶ ಸಂಜೆ ಬಂದಾಗ ಅದು ಪದವಿಪೂರ್ವ ತರಗತಿಗಳವರೆಗೆ ಮಾತ್ರ ಅನ್ವಯಿಸುತ್ತಿತ್ತು, ನಮ್ಮ ಸಭಾಂಗಣವಿದ್ದುದು ಪದವಿ ಕಾಲೇಜಿನಲ್ಲಿ. ಅದನ್ನು ಹೇಗೆ ಅರ್ಥಮಾಡಿಕೊಳ್ಳಬೇಕೆಂಬ ಚರ್ಚೆಯಲ್ಲೇ ಮತ್ತೊಂದು ಗಂಟೆ ಕಳೆಯಿತು. ಕಾರ್ಯಕ್ರಮ ಮುಂದೂಡಲಾಗಿದೆ ಎಂಬ ಸಂದೇಶವನ್ನು ನಾನು ಕಳುಹಿಸಿದ್ದು ರಾತ್ರಿ ಹತ್ತೂವರೆಗೆ. ಅಷ್ಟರಲ್ಲಿ ಬೆಂಗಳೂರಿನಿಂದ ಬರಬೇಕಿದ್ದ ಮುಖ್ಯ ಉಪನ್ಯಾಸಕಿ ಬಸ್ಸಿನಲ್ಲಿ ನಿದ್ದೆಹೋಗಿದ್ದರು.

ಅವರು ಅರುವತ್ತು ದಾಟಿದವರು, ಮಂಡಿನೋವಿನವರು. ನಸುಕಿನ ಎರಡೂವರೆಗೆ ಸಕಲೇಶಪುರದಲ್ಲಿ ನಿಂತ ಬಸ್ಸು ಬೆಳಗಾಗಿ ಹತ್ತು ಗಂಟೆಯಾದರೂ ಅಲ್ಲಿಂದ ಕದಲಲಿಲ್ಲ. ಫೋನ್ ಮಾಡಿದಾಗ ಅವರು ಬೈಯಲಿಲ್ಲ. ‘ಶೌಚಕ್ಕೆ ಹೋಗಲು ಇಳಿದಿದ್ದೆ, ಚಪ್ಪಲಿ ಕೆಸರಿನಲ್ಲಿ ಹೋಯ್ತಮ್ಮಾ, ಅಷ್ಟೇ’ ಎಂದರು. ಆ ಮಾತು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ಅತ್ತ ಕಾಲೇಜಿನ ಅಡುಗೆಮನೆಯಲ್ಲಿ ನೂರಿಪ್ಪತ್ತು ಜನರ ಇಡ್ಲಿಗೆ ರುಬ್ಬಿದ ಹಿಟ್ಟು ಎರಡು ದೊಡ್ಡ ಪಾತ್ರೆಗಳಲ್ಲಿ ಉಬ್ಬಿ ಅಂಚಿಗೆ ಬಂದಿತ್ತು. ಅಡುಗೆ ಭಟ್ಟರು ಹೇಳಿದ್ದು ಒಂದೇ ಮಾತು: ‘ಮೇಡಂ, ಉದ್ದು ನೆನೆಹಾಕುವ ಮೊದಲು ಹೇಳಿದ್ದರೆ ಆಗ್ತಿತ್ತು.’ ಹಿಟ್ಟನ್ನು ಹತ್ತಿರದ ವಿದ್ಯಾರ್ಥಿನಿಲಯಕ್ಕೆ ಕಳುಹಿಸಿದೆವು, ವ್ಯರ್ಥವಾಗಲಿಲ್ಲ. ಆದರೆ ಭಟ್ಟರ ಮಾತು ನಮ್ಮ ಈಗಿನ ನಿಯಮಕ್ಕೆ ಮೂಲವಾಯಿತು.

ಈಗ ನಮ್ಮಲ್ಲಿ ತೀರ್ಮಾನದ ಹೊತ್ತು ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆ. ಆ ಹೊತ್ತನ್ನು ಗೊತ್ತುಮಾಡುವಾಗ ಸಭಾಂಗಣದಲ್ಲಿ ಕುಳಿತ ನಮ್ಮ ಅನುಕೂಲವನ್ನು ನೋಡಲಿಲ್ಲ. ಎಲ್ಲರಿಗಿಂತ ದೂರದಿಂದ ಬರುವವರು ಮನೆಯಿಂದ ಯಾವಾಗ ಹೊರಡುತ್ತಾರೆ, ಅಡುಗೆಯವರು ಯಾವಾಗ ಕೆಲಸಕ್ಕೆ ಕೈಹಾಕುತ್ತಾರೆ ಎಂಬೆರಡನ್ನೇ ನೋಡಿದೆವು. ತೀರ್ಮಾನಿಸುವವರು ಇಬ್ಬರೇ, ಅಧ್ಯಕ್ಷರು ಮತ್ತು ಕಾರ್ಯದರ್ಶಿ. ಒಬ್ಬರು ಫೋನಿಗೆ ಸಿಗದಿದ್ದರೆ ಇನ್ನೊಬ್ಬರ ಮಾತೇ ಅಂತಿಮ. ಮೂರು ಗಂಟೆಯ ನಂತರ ಮಳೆ ನಿಂತು ಬಿಸಿಲು ಬಂದರೂ ತೀರ್ಮಾನವನ್ನು ಬದಲಿಸುವುದಿಲ್ಲ. ಒಮ್ಮೆ ಹಾಗೆಯೇ ಆಯಿತು, ಮುಂದೂಡಿದ ದಿನ ಆಕಾಶ ತಿಳಿಯಾಗಿತ್ತು, ಕೆಲವರು ಬೇಸರಿಸಿಕೊಂಡರು. ನನಗೆ ಅದರ ಬಗ್ಗೆ ಪಶ್ಚಾತ್ತಾಪವಿಲ್ಲ.

ಏನನ್ನು ನೋಡಿ ತೀರ್ಮಾನಿಸಬೇಕು ಎಂಬುದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಸುರಿದರೆ ಅದು ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದನ್ನೂ ಮೀರಿದರೆ ಅತ್ಯಂತ ಭಾರಿ. ಜುಲೈಯಲ್ಲಿ ನಮ್ಮ ಕರಾವಳಿಗೆ ಹಳದಿ, ಕಿತ್ತಳೆ ಎಚ್ಚರಿಕೆಗಳು ದಿನನಿತ್ಯದ ಮಾತು. ಅವುಗಳಿಗೆಲ್ಲ ಹೆದರಿದರೆ ಇಲ್ಲಿ ಮದುವೆಯೂ ನಡೆಯದು, ಮೀಟಿಂಗೂ ನಡೆಯದು. ಮಂಗಳೂರು, ಬಂಟ್ವಾಳದವರು ಕಿತ್ತಳೆ ಎಚ್ಚರಿಕೆಯಲ್ಲೂ ಕೊಡೆ ಹಿಡಿದು ಬರುತ್ತಾರೆ. ಕಾರ್ಯಕ್ರಮವನ್ನು ಕೆಡಿಸುವುದು ಸಭಾಂಗಣದ ಮೇಲೆ ಬೀಳುವ ಮಳೆಯಲ್ಲ, ಘಟ್ಟದ ಮೇಲೆ ಬೀಳುವ ಮಳೆ. ಆದ್ದರಿಂದ ನಾವು ದಕ್ಷಿಣ ಕನ್ನಡದ ಜೊತೆಗೆ ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ಮುನ್ಸೂಚನೆಯನ್ನೂ ಹಿಂದಿನ ಮೂರು ದಿನಗಳಿಂದ ನೋಡುತ್ತಾ ಬರುತ್ತೇವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇರುವುದರಿಂದ ಘಟ್ಟದ ತಪ್ಪಲಿನಲ್ಲಿ ಎಷ್ಟು ಸುರಿದಿದೆ ಎಂಬುದು ತಿಳಿಯುತ್ತದೆ. ಮೂರು ದಿನ ನೆನೆದ ಗುಡ್ಡಕ್ಕೆ ನಾಲ್ಕನೆಯ ದಿನದ ಸಾಧಾರಣ ಮಳೆಯೂ ಸಾಕು.

ಬದಲಿ ದಾರಿಯ ವಿಷಯದಲ್ಲಿ ನಾವು ಬಹಳ ಕಾಲ ಭ್ರಮೆಯಲ್ಲಿದ್ದೆವು. ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಚಾರ್ಮಾಡಿಯೂ ಕಷ್ಟವಾದರೆ ಸಂಪಾಜೆ, ಅದೂ ಇಲ್ಲದಿದ್ದರೆ ರೈಲು ಎಂದು ಕಾಗದದ ಮೇಲೆ ಬರೆದುಕೊಂಡಿದ್ದೆವು. ಆದರೆ ಇವೆಲ್ಲವೂ ಒಂದೇ ಬೆಟ್ಟಸಾಲನ್ನು ಇಳಿಯುವ ದಾರಿಗಳು, ಒಂದೇ ಮಳೆಗೆ ನೆನೆಯುವ ಮಣ್ಣು. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದದ್ದನ್ನು ಕಂಡಿದ್ದೇವೆ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಹತ್ತು ದಿನಕ್ಕೂ ಹೆಚ್ಚು ಕಾಲ ರೈಲುಗಳು ನಿಂತವು. ಅದೇ ದಿನಗಳಲ್ಲಿ ದೊಡ್ಡತಪ್ಪಲೆಯ ಬಳಿ ಹೆದ್ದಾರಿಗೂ ಗುಡ್ಡ ಬಿತ್ತು. ವಿಮಾನದ ಭರವಸೆಯೂ ಅಷ್ಟಕ್ಕಷ್ಟೇ. ಬಜ್ಪೆಯ ಎತ್ತರದ ರನ್‌ವೇ ಮಂಜು ಮುಸುಕಿದರೆ ವಿಮಾನ ಬೇರೆ ಊರಿನಲ್ಲಿ ಇಳಿಯುತ್ತದೆ.

ಹೀಗಾಗಿ ನಾವು ದಾರಿಯನ್ನು ಬಿಟ್ಟು ಉಪನ್ಯಾಸವನ್ನೇ ಮೊದಲು ತರಿಸಿಕೊಳ್ಳುವ ಕ್ರಮ ಮಾಡಿಕೊಂಡೆವು. ಘಟ್ಟದ ಮೇಲಿನಿಂದ ಬರುವ ಉಪನ್ಯಾಸಕರು ಎರಡು ದಿನ ಮೊದಲೇ ಬಂದು ಉಳಿಯುತ್ತಾರೆ. ಆಗದವರು ತಮ್ಮ ಮಾತನ್ನು ರೆಕಾರ್ಡ್ ಮಾಡಿ ವಾರದ ಮೊದಲೇ ಕಳುಹಿಸುತ್ತಾರೆ, ಅದು ಪೆನ್‌ಡ್ರೈವಿನಲ್ಲಿ ಸಭಾಂಗಣದ ಬೀರುವಿನಲ್ಲಿರುತ್ತದೆ. ನೇರ ವಿಡಿಯೊ ಕರೆಯನ್ನು ನಾನು ನಂಬುವುದಿಲ್ಲ, ಏಕೆಂದರೆ ಘಾಟಿ ಮುಚ್ಚುವಂಥ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಉಳಿಯುವುದು ಅಪರೂಪ. ನೋಂದಣಿ ಮಾಡಿದವರ ಹೆಸರು, ಫೋನ್ ಸಂಖ್ಯೆ, ಹೊರಡುವ ಊರು, ಹೊರಡುವ ಹೊತ್ತು ಇವಿಷ್ಟೂ ಕಾಗದದ ಮೇಲೆ ಇರುತ್ತವೆ. ಮೂರು ಗಂಟೆಗೆ ಮುಂದೂಡಿಕೆ ತೀರ್ಮಾನವಾದರೆ ಆ ಪಟ್ಟಿಯನ್ನು ಐವರು ಹಂಚಿಕೊಂಡು, ದೂರದವರಿಂದ ಆರಂಭಿಸಿ, ಒಬ್ಬೊಬ್ಬರಿಗೂ ಕರೆ ಮಾಡುತ್ತೇವೆ. ವಾಟ್ಸಾಪ್ ಗುಂಪಿಗೆ ಹಾಕಿದ ಮಾತ್ರಕ್ಕೆ ತಿಳಿಸಿದಂತಾಯಿತು ಎಂದು ನಾವು ಭಾವಿಸುವುದಿಲ್ಲ; ಆ ಕಡೆಯಿಂದ ‘ಸರಿ, ಹೊರಡುವುದಿಲ್ಲ’ ಎಂಬ ಮಾತು ಕಿವಿಗೆ ಬೀಳಬೇಕು. ಮುಂದೂಡಿದರೆ ಯಾವ ದಿನ, ಬರಲಾಗದವರಿಗೆ ಶುಲ್ಕ ಹೇಗೆ ಹಿಂದಿರುಗುತ್ತದೆ ಎಂಬುದು ಆಮಂತ್ರಣದಲ್ಲೇ ಅಚ್ಚಾಗಿರುತ್ತದೆ.

ಈ ವರ್ಷದ ಕಾರ್ಯಾಗಾರಕ್ಕೆ ಅದೇ ಉಪನ್ಯಾಸಕಿಯನ್ನು ಮತ್ತೆ ಕರೆದಿದ್ದೇವೆ. ಅವರು ಗುರುವಾರವೇ ಬಂದು ನಮ್ಮ ಮನೆಯಲ್ಲಿ ಉಳಿಯಲು ಒಪ್ಪಿದ್ದಾರೆ. ಭಟ್ಟರ ಹೆಸರು ಕರೆಗಳ ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೇ ಇದೆ.