ಸುಣ್ಣದ ಗೋಡೆ, ಇದ್ದಿಲ ಗೆರೆ

ನಮ್ಮ ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ನಾನು ಅಟ್ಟಣೆಯ ಮೇಲೆ ನಿಂತು ಗೋಡೆಯೊಂದಕ್ಕೆ ಬಣ್ಣ ಹಾಕುತ್ತಿದ್ದೆ. ಕುಂಚ ತೊಳೆದಿಟ್ಟು ಕೆಳಗಿಳಿದೆ. ಆ ದಿನ ಮತ್ತೆ ಹತ್ತಲಾಗಲಿಲ್ಲ. ನಮ್ಮ ಶಾಲೆಯ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ನೀವು ಕೇಳಿದ್ದು ಅದೇ ವಾರ. ಒಂಬತ್ತನೇ ತರಗತಿಯ ಪಾಠ ಒಂದೂ ನೆನಪಿಲ್ಲ. ಪಡಸಾಲೆಯ ಗೋಡೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ವಾರ್ಷಿಕೋತ್ಸವಕ್ಕೆಂದು ಅದಕ್ಕೆ ಹೊಸ ಸುಣ್ಣ ಬಳಿಸಿದ್ದರು. ನಾವು ಮೂವರು ಹಾಸ್ಟೆಲಿನ ಒಲೆಯಿಂದ ಇದ್ದಿಲು ಕದ್ದು ತಂದು, ಸಂಜೆಗತ್ತಲಲ್ಲಿ ಹೆಡ್‌ಮಾಸ್ಟರರನ್ನು ಕೋಣದ ಮೇಲೆ ಕೂರಿಸಿದೆವು. ಬರೆದವನು ನಾನು, ಉಳಿದಿಬ್ಬರು ಕಾವಲು. ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಶಾಲೆಗೆ ಶಾಲೆಯೇ ಅದನ್ನು ನೋಡಿ ನಕ್ಕಿತು. ಮೇಷ್ಟ್ರು ಬಂದು ಬಹಳ ಹೊತ್ತು ನಿಂತು ನೋಡಿದರು. "ಕೊಂಬು ಬಂದಿದೆ, ಹಿಂಗಾಲು ಬಂದಿಲ್ಲ" ಎಂದರು. ಸುಣ್ಣದ ಬಕೆಟ್ ತರಿಸಿ ನನ್ನ ಕೈಯಲ್ಲೇ ಅಳಿಸಿದರು. ಸಂಜೆ ಎಲ್ಲರೂ ಹೋದಮೇಲೆ ಇದ್ದಿಲು ಕೊಟ್ಟು ಹಿಂಗಾಲು ಬರೆಸಿದರು. ಮೂರು ಸಂಜೆ ಬರೆದೆ, ಮೂರು ಸಂಜೆ ಬಳಿದೆ. ನಾಲ್ಕನೆಯ ಸಂಜೆ ಕೋಣ ನೆಲಕ್ಕೆ ಕಾಲೂರಿ ನಿಂತಿತು. ಅದನ್ನೂ ಅಳಿಸಿಸಿದರು!

ಆಗ ಅದು ಶಿಕ್ಷೆ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಅವ್ವ ಮಾಡುತ್ತಿದ್ದದ್ದೂ ಅದನ್ನೇ ಎಂದು ಹೊಳೆಯಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಸಾರಿದ ಗೋಡೆಗೆ ಅಕ್ಕಿಹಿಟ್ಟು ಕಲಸಿದ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆ ಮಾಸಿದರೆ ಮತ್ತೆ ಕೆಮ್ಮಣ್ಣು, ಮತ್ತೆ ಚಿತ್ತಾರ. ಕನ್ನಡದಲ್ಲಿ ಅಕ್ಷರವನ್ನೂ ಚಿತ್ರವನ್ನೂ ಬರೆಯುವುದೇ. ಎರಡಕ್ಕೂ ಒಂದೇ ಕ್ರಿಯಾಪದವಿರುವುದು ನಮ್ಮ ಭಾಗ್ಯ.

ಅರ್ಜಿ ತುಂಬಿಸಿ ನನ್ನನ್ನು ಬಂಗಾಳದ ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನಕ್ಕೆ ಕಳಿಸಿದವರೂ ಮೇಷ್ಟ್ರೇ. 1988ರಲ್ಲಿ ಅಲ್ಲಿನ ಬೋಲ್ಪುರ ಸ್ಟೇಷನ್ನಿನಲ್ಲಿ ಟ್ರಂಕು ಹಿಡಿದು ಇಳಿದೆ. ಕಲಾಭವನದಲ್ಲಿ ಪಾಠ ಹೇಳುತ್ತಿದ್ದ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ ಎಲ್ಲರಿಗೂ ಮಣಿದಾ, ಅಂದರೆ ಮಣಿ ಅಣ್ಣ. ನನಗೆ ದಕ್ಕಿದ್ದು ಅವರ ಅಧ್ಯಾಪನದ ಕೊನೆಯ ವರ್ಷ. 1989ರಲ್ಲಿ ನಿವೃತ್ತರಾದರೂ ಪ್ರೊಫೆಸರ್ ಎಮೆರಿಟಸ್ ಆಗಿ ಅಲ್ಲೇ ಉಳಿದರು.

ಅವರ ಬದುಕೇ ಒಂದು ಊರಿನದಲ್ಲ. ಹುಟ್ಟಿದ್ದು 1924ರಲ್ಲಿ ಕೇರಳದ ಕೂತುಪರಂಬದಲ್ಲಿ, ಬೆಳೆದದ್ದು ಫ್ರೆಂಚರ ಮಾಹೆಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದವರು ಚಲೇಜಾವ್ ಚಳವಳಿಗೆ ಇಳಿದು ಜೈಲು ಸೇರಿದರು. ಹೊರಬಂದಾಗ ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತ್ತು. 1944ರಲ್ಲಿ ಕಲಾಭವನಕ್ಕೆ ಬಂದರೆ ಅಲ್ಲಿ ಗುರುಗಳಾಗಿ ಸಿಕ್ಕವರು ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್. ಆ ಜೈಲು ನಮ್ಮ ಪಾಲಿಗೆ ಒಳ್ಳೆಯದನ್ನೇ ಮಾಡಿತು.

1951ರಿಂದ ಬರೋಡಾದಲ್ಲಿ ಪಾಠ. ನಡುವೆ ಎರಡು ವರ್ಷ ಮುಂಬೈಯ ಕೈಮಗ್ಗ ಮಂಡಳಿಯಲ್ಲಿ ವಿನ್ಯಾಸದ ಕೆಲಸ. ಬರೋಡಾದ ಕಲಾಮೇಳಕ್ಕೆ ಮರದ ಆಟಿಕೆಗಳನ್ನು ಮಾಡಿದರು, ಮಕ್ಕಳಿಗೆ ಕಥೆ ಬರೆದು ತಾವೇ ಚಿತ್ರ ಹಾಕಿದರು. 1963ರಲ್ಲಿ ಲಖನೌದ ರವೀಂದ್ರಾಲಯ ರಂಗಮಂದಿರಕ್ಕೆ ಸುಟ್ಟ ಮಣ್ಣಿನ ಬೃಹತ್ ಭಿತ್ತಿಶಿಲ್ಪ. ಬಾಂಗ್ಲಾ ಯುದ್ಧದ ಕ್ರೌರ್ಯವನ್ನೂ ಸುಟ್ಟ ಮಣ್ಣಿನಲ್ಲೇ ಹೇಳಿದರು. ಆಧುನಿಕ ಎಂದರೆ ಪ್ಯಾರಿಸ್ಸಿನ ಕಡೆ ಮುಖ ಮಾಡುವುದು ಎಂದು ನಂಬಿ ಬಂದಿದ್ದ ನನಗೆ, ಕುಂಬಾರ, ನೇಕಾರ, ಆಟಿಕೆ ಮಾಡುವವನನ್ನು ಜೊತೆಗಿಟ್ಟುಕೊಂಡೇ ಆಧುನಿಕನಾಗಬಹುದೆಂದು ಗೊತ್ತಾದದ್ದು ಈ ಕೆಲಸಗಳಿಂದ. ಅವ್ವನ ಪುಂಡಿನಾರಿನ ಕುಂಚ ಊರಲ್ಲೇ ಬಿಟ್ಟು ಬರಬೇಕಾದ ವಸ್ತುವಲ್ಲ ಎಂಬುದೂ.

1990ರಲ್ಲಿ ಕಲಾಭವನದ ಡಿಸೈನ್ ವಿಭಾಗದ ಹೊರಗೋಡೆಗಳನ್ನು ಕಪ್ಪು ಬಿಳುಪಿನಲ್ಲಿ ತುಂಬತೊಡಗಿದರು. ಮನುಷ್ಯರು, ಪ್ರಾಣಿಗಳು, ಬಳ್ಳಿಗಳು ಒಂದರೊಳಗೊಂದು ಹೆಣೆದುಕೊಂಡು ಗೋಡೆ ಹತ್ತಿದವು. ನಾವು ಕೆಳಗೆ ಕತ್ತೆತ್ತಿ ನಿಲ್ಲುತ್ತಿದ್ದೆವು. ನನಗೆ ಮೂಗಿಗೆ ಸುಣ್ಣದ ವಾಸನೆ ಬಡಿದಂತಾಗುತ್ತಿತ್ತು. ಸುತ್ತಲಿದ್ದ ಯಾರಿಗೂ ಅದು ತಿಳಿಯುವಂತಿರಲಿಲ್ಲ. 1993ರಲ್ಲಿ ಉಳಿದ ಭಾಗ ಮುಗಿಸಿದರು. ಬಂಗಾಳದ ಮಳೆ ಬಿಸಿಲಿಗೆ ಬಣ್ಣ ಹೋಯಿತು. 2009ರಲ್ಲಿ, 85ರ ವಯಸ್ಸಿನಲ್ಲಿ, ಆ ಹೊತ್ತಿಗೆ ಬರೋಡಾಕ್ಕೆ ಮರಳಿದ್ದ ಮಣಿದಾ ಅಲ್ಲಿಂದ ಬಂದು ಅದೇ ಕಟ್ಟಡದ ಮೇಲೆ ಹೊಸದಾಗಿ ಬರೆದರು. ಪತ್ರಿಕೆಯಲ್ಲಿ ಆ ಫೋಟೋ ನೋಡಿದ ದಿನ ಮೇಷ್ಟ್ರಿಗೆ ಫೋನ್ ಮಾಡಿದೆ. "ಅಳಿಸಿದ್ದು ಯಾರು?" ಎಂದಷ್ಟೇ ಕೇಳಿದರು. ಮಳೆ ಎಂದೆ. "ಸರಿ ಹಾಗಾದರೆ" ಎಂದರು.

2012ರಲ್ಲಿ ಮಣಿದಾಗೆ ಪದ್ಮವಿಭೂಷಣ ಬಂತು. 2016ರ ಜೂನ್ 29ರಂದು ಬರೋಡಾದಲ್ಲಿ ಹೋದರು. ಈಗ ಮೇಷ್ಟ್ರೂ ಇಲ್ಲ. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬಂದಿಲ್ಲ, ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದಾರೆ ಎಂದು ಕೇಳಿ ಸಂಕಟವಾಯಿತು. ಗಣಿತ ಬೇಡವೆಂದಲ್ಲ. ಆದರೆ ಕೈ ತಪ್ಪಿದರೆ ಅಳಿಸಿ ಮತ್ತೆ ಬರೆಯಲು ಆ ಮಕ್ಕಳಿಗೆ ಎಲ್ಲಿ ಜಾಗವಿದೆ? ನಾನು ಇದುವರೆಗೆ ಹನ್ನೊಂದು ದೊಡ್ಡ ಗೋಡೆಗಳ ಮೇಲೆ ಬರೆದಿದ್ದೇನೆ, ಎರಡು ಬೇರೆ ರಾಜ್ಯಗಳಲ್ಲಿವೆ. ಹೆಮ್ಮೆಯಿಂದಲೇ ಹೇಳುತ್ತೇನೆ, ಅವುಗಳಲ್ಲಿ ಎಲ್ಲ ಪ್ರಾಣಿಗಳ ಹಿಂಗಾಲೂ ಸರಿಯಾಗಿವೆ.

ಕಳೆದ ತಿಂಗಳು ಶಾಲೆಗೆ ಬಂದಿದ್ದೆ. ಪಡಸಾಲೆಯ ಗೋಡೆಗೆ ಫಲಿತಾಂಶದ ಫ್ಲೆಕ್ಸ್ ಹೊಡೆದಿದ್ದಾರೆ. ಬೇಸಿಗೆ ರಜೆಯಲ್ಲಿ ಹದಿನೈದು ದಿನ ಅದನ್ನು ಇಳಿಸಿಟ್ಟು ಗೋಡೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಸುಣ್ಣ, ಇದ್ದಿಲು ನಾನು ತರುತ್ತೇನೆ.